ಕಿರಿದಾದ ಪಡಸಾಲೆಯೂ ಪರಿಗ್ರಹ ಪರಿಮಾಣ ವ್ರತವೂ

ಶ್ರಾವಕನ ಐದು ಅಣುವ್ರತಗಳಲ್ಲಿ ಕಡೆಯದಾದ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸುವಾಗ ಹೊಲ, ಮನೆ, ಬಂಗಾರ, ಬ್ಯಾಂಕಿನ ಠೇವಣಿ ಮೊದಲಾದವುಗಳ ಲೆಕ್ಕವನ್ನು ಬರೆದಿಡುವುದು ವಾಡಿಕೆಯಾಗಿದೆ. ಇಷ್ಟು ಎಕರೆ ಭೂಮಿ, ಇಷ್ಟು ತೊಲ ಚಿನ್ನ, ಇದಕ್ಕೆ ಮೀರಿದುದರಲ್ಲಿ ಆಸೆಯಿಲ್ಲವೆಂದು ಗುರುಸನ್ನಿಧಿಯಲ್ಲಿ ನುಡಿದು ಗೃಹಸ್ಥನು ಮನೆಗೆ ಮರಳುತ್ತಾನೆ. ಆದರೆ ಮರಳಿದೊಡನೆ ಅವನು ಕಾಲಿಡುವ ಪಡಸಾಲೆಯಲ್ಲಿ ಏನೇನಿದೆ ಎಂಬುದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಸೋಫಾ, ದಿವಾನ್, ಬೀರು, ಟೀಪಾಯಿ, ಗೋಡೆಯ ಕಪಾಟು, ಕಪಾಟಿನ ಮೇಲಣ ರಟ್ಟಿನ ಪೆಟ್ಟಿಗೆಗಳು, ಇವು ಆಸ್ತಿಯೆಂದು ಯಾರಿಗೂ ತೋರುವುದಿಲ್ಲ. ‘ಸಾಮಾನು’ ಎಂಬ ಒಂದೇ ಮಾತಿನೊಳಗೆ ಅಡಗಿಕೊಂಡು ಇವು ವ್ರತದ ಕಣ್ಣಿನಿಂದ ಪಾರಾಗುತ್ತವೆ.

ಇಂದು ಪಟ್ಟಣವಾಸಿಗಳಾದ ಶ್ರಾವಕರಲ್ಲಿ ಬಹುಮಂದಿಯ ಮನೆಗಳು ಚಿಕ್ಕವು. ಹಾಲ್ ಎಂದು ಕರೆಯಲ್ಪಡುವ ಒಂದೇ ಪಡಸಾಲೆಯಲ್ಲಿ ಅತಿಥಿಗಳು ಕುಳಿತುಕೊಳ್ಳಬೇಕು, ಮಕ್ಕಳು ಓದಬೇಕು, ರಾತ್ರಿ ಹಿರಿಯರು ಮಲಗಬೇಕು, ಮನೆಯ ಅರ್ಧ ಪದಾರ್ಥಗಳೂ ಅಲ್ಲಿಯೇ ಇರಬೇಕು. ಇಂತಹ ಮನೆಗಳಿಗೆಂದೇ ಜೋಡಣೆಯ ಜಾಣತನವೊಂದು ಬೆಳೆದುಬಂದಿದೆ. ಹಾಸಿಗೆಯ ಕೆಳಗೆ ಪೆಟ್ಟಿಗೆ, ಬಾಗಿಲ ಮೇಲೆ ಅಟ್ಟ, ನೆಲದಿಂದ ಸೂರಿನವರೆಗೆ ಕಪಾಟು, ಹೀಗೆ ಹಿಡಿಸದುದನ್ನೂ ಹಿಡಿಸುವಂತೆ ಮಾಡುವ ಉಪಾಯಗಳು ಅನೇಕ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇರುವುದನ್ನೆಲ್ಲ ಅಚ್ಚುಕಟ್ಟಾಗಿ ಅಡಗಿಸಿಡುವ ಈ ಜೋಡಣೆಯು ಸಂಯಮವೇ, ಅಥವಾ ಸಂಯಮದಿಂದ ನುಣುಚಿಕೊಳ್ಳುವ ಮಾರ್ಗವೇ? ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವೆಂದು ತೋರಿದರೂ ವ್ರತಿಯಾದವನು ದಿನದ ಬಹುಭಾಗವನ್ನು ಕಳೆಯುವುದು ಅಲ್ಲಿಯೇ ಆದುದರಿಂದ ವಿಚಾರಕ್ಕೆ ಯೋಗ್ಯವಾಗಿದೆ.

ಶಾಸ್ತ್ರವು ಈ ವಸ್ತುಗಳನ್ನು ಮರೆತಿಲ್ಲ. ಬಾಹ್ಯ ಪರಿಗ್ರಹವು ಹತ್ತು ಬಗೆಯೆಂದೂ, ಮಿಥ್ಯಾತ್ವ, ಕಷಾಯ ಮೊದಲಾದ ಅಂತರಂಗ ಪರಿಗ್ರಹವು ಹದಿನಾಲ್ಕು ಬಗೆಯೆಂದೂ ಆಚಾರ್ಯರು ಎಣಿಸಿದ್ದಾರೆ. ವಟ್ಟಕೇರಾಚಾರ್ಯರ ಮೂಲಾಚಾರದ ಎಣಿಕೆಯಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಗಳ ಸಾಲಿನಲ್ಲಿಯೇ ಶಯನಾಸನಗಳೂ, ಕುಪ್ಯ ಭಾಂಡಗಳೂ ಬರುತ್ತವೆ. ಎಂದರೆ ಮಲಗುವ ಮಂಚ, ಕೂರುವ ಪೀಠ, ಬಟ್ಟೆಬರೆ, ಪಾತ್ರೆಪದಾರ್ಥಗಳು ಹೊಲಗದ್ದೆಗಳಷ್ಟೇ ಸ್ಪಷ್ಟವಾಗಿ ಪರಿಗ್ರಹದ ಪಟ್ಟಿಯಲ್ಲಿವೆ. ತತ್ತ್ವಾರ್ಥಸೂತ್ರದ ಮೇಲಣ ಪೂಜ್ಯಪಾದರ ವ್ಯಾಖ್ಯಾನವಾದ ಸರ್ವಾರ್ಥಸಿದ್ಧಿಯಲ್ಲಿಯೂ ಮತ್ತೆ ಮತ್ತೆ ಬಳಸಲ್ಪಡುವ ಪರಿಭೋಗ ವಸ್ತುಗಳೊಳಗೆ ಹಾಸಿಗೆ, ಆಸನ, ಮನೆಗಳನ್ನು ಸೇರಿಸಿದೆ. ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಮಿತಿ ಹಾಕಬೇಕಾದುದು ವಸ್ತುವಿಗಷ್ಟೇ ಅಲ್ಲ, ಇಚ್ಛೆಗೆ ಎಂಬುದು ಆ ಹೆಸರಿನಿಂದಲೇ ವಿದಿತವಾಗುತ್ತದೆ.

ಹಿಂದಿನ ಮನೆಗಳ ವ್ಯವಸ್ಥೆಯನ್ನು ಒಮ್ಮೆ ನೆನೆಯುವುದು ಇಲ್ಲಿ ಉಚಿತ. ತೊಟ್ಟಿಯ ಮನೆಯ ಪಡಸಾಲೆಯಲ್ಲಿ ಪೀಠೋಪಕರಣಗಳೆಂದು ಹೇಳಬಹುದಾದವು ಬಹು ಕಡಿಮೆ. ಜಗುಲಿಯೇ ಆಸನ. ನೆಂಟರು ಬಂದರೆ ಜಮಖಾನೆ ಹಾಸುತ್ತಿದ್ದರು, ಹೋದ ಮೇಲೆ ಸುತ್ತಿಡುತ್ತಿದ್ದರು. ಗೋಡೆಯಲ್ಲಿ ಗೂಡು, ಮೇಲೆ ನಾಗಂದಿಗೆ, ಬಟ್ಟೆಗೆ ಗಳು, ಹಾಲು ಮೊಸರಿಗೆ ನೆಲುವು, ಬೆಲೆಬಾಳುವುದಕ್ಕೆ ಮರದ ಪೆಟ್ಟಿಗೆ, ಧಾನ್ಯಕ್ಕೆ ಕಣಜ ಅಥವಾ ಹಗೇವು. ಇವುಗಳಲ್ಲಿ ಹೆಚ್ಚಿನವು ತೆರೆದವು. ಗಳುವಿನ ಮೇಲೆ ಎಷ್ಟು ಬಟ್ಟೆಯಿದೆಯೆಂಬುದು ಮನೆಗೆ ಬಂದವರಿಗೆಲ್ಲ ಕಾಣುತ್ತಿತ್ತು. ನಾಗಂದಿಗೆ ತುಂಬಿತೆಂದರೆ ತುಂಬಿತು, ಅದರಾಚೆ ಇಡಲು ಎಡೆಯಿಲ್ಲ. ಹಾಗೆಂದ ಮಾತ್ರಕ್ಕೆ ಆ ಕಾಲದವರೆಲ್ಲ ಅಲ್ಪೇಚ್ಛರಾಗಿದ್ದರೆಂದು ಹೇಳುವುದು ಸರಿಯಲ್ಲ. ಕಣಜ ಹಗೇವುಗಳಲ್ಲಿ ಧಾನ್ಯವನ್ನು ತುಂಬಿಟ್ಟು ಬೆಲೆಯೇರುವುದನ್ನು ಕಾಯುತ್ತಿದ್ದವರೂ ಇದ್ದರು. ರತ್ನಕರಂಡವು ಈ ವ್ರತದ ಐದು ಅತಿಚಾರಗಳೊಳಗೆ ಅತಿಸಂಗ್ರಹವನ್ನು ಹೇಳಿರುವುದೇ ಅದಕ್ಕೆ ಸಾಕ್ಷಿ. ವ್ಯತ್ಯಾಸವಿಷ್ಟೆ: ಆಗಿನ ಪಡಸಾಲೆಯಲ್ಲಿ ಇದ್ದುದು ಕಾಣುತ್ತಿತ್ತು, ಈಗಿನದರಲ್ಲಿ ಇರುವುದು ಕಾಣುವುದಿಲ್ಲ.

ಮಾತು ಬರಿಯ ತತ್ತ್ವದಲ್ಲಿ ನಿಲ್ಲದಿರಲೆಂದು ಒಂದು ಮನೆಯನ್ನು ಉದಾಹರಣೆಯಾಗಿ ಭಾವಿಸಬಹುದು. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ವೃದ್ಧ ತಾಯಿ. ಪಡಸಾಲೆಯ ಅಗಲ 10 ಅಡಿ, ಉದ್ದ 12 ಅಡಿ, ಒಟ್ಟು 120 ಚದರಡಿ. ಅದರಲ್ಲಿ ಮೂವರು ಕೂರುವ ಸೋಫಾ ಸುಮಾರು 18 ಚದರಡಿ, ಆರಡಿ ಉದ್ದ ಮೂರಡಿ ಅಗಲದ ದಿವಾನ್ 18, ಒಬ್ಬೊಬ್ಬರು ಕೂರುವ ಎರಡು ಮೆತ್ತೆಯ ಕುರ್ಚಿಗಳು 12.5, ದೂರದರ್ಶನದ ಮೇಜು 6, ಟೀಪಾಯಿ 4.5, ಕಬ್ಬಿಣದ ಬೀರು 4.5, ತಾಯಿಯ ಹಳೆಯ ಟ್ರಂಕು 3.75. ಒಟ್ಟು 67.25 ಚದರಡಿ. ಬೀದಿಬಾಗಿಲಿನಿಂದ ಅಡಿಗೆಮನೆಯವರೆಗೆ ಎರಡೂವರೆ ಅಡಿ ಅಗಲದ ನಡೆದಾಡುವ ದಾರಿಗೆ 30 ಚದರಡಿ, ಬೀರುವಿನ ಬಾಗಿಲು ತೆರೆಯುವುದಕ್ಕೆ 4.5 ಚದರಡಿ ಬೇಕೇಬೇಕು. ಇವೆಲ್ಲವನ್ನೂ ಕಳೆದರೆ ಉಳಿಯುವುದು 18.25 ಚದರಡಿ.

ಒಬ್ಬರು ಮಲಗಬಹುದಾದ ಚಾಪೆಗೆ ಆರಡಿ ಉದ್ದ, ಮೂರಡಿ ಅಗಲ, ಎಂದರೆ 18 ಚದರಡಿ ಬೇಕು. ಲೆಕ್ಕದ ಪ್ರಕಾರ ಚಾಪೆಗೆ ಬೇಕಾದಷ್ಟೇ ಜಾಗ ಆ ಪಡಸಾಲೆಯಲ್ಲಿ ಉಳಿದಿದೆ. ಆದರೆ ಅದು ಸೋಫಾದ ಹಿಂದೆ ಒಂದು ಗೇಣು, ಬೀರುವಿನ ಪಕ್ಕದಲ್ಲಿ ಒಂದು ಮೊಳ, ಟೀಪಾಯಿಯ ಸುತ್ತ ಒಂದಿಷ್ಟು ಎಂಬಂತೆ ಚದುರಿಹೋಗಿದೆ. ಒಂದೆಡೆ ಚಾಪೆ ಹಾಸಲು ಎಲ್ಲಿಯೂ ಸ್ಥಳವಿಲ್ಲ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವನ್ನು ಆಚರಿಸುವ ಆ ತಾಯಿ ಎಲ್ಲಿ ಸಾಮಾಯಿಕಕ್ಕೆ ಕೂರಬೇಕು, ಎಲ್ಲಿ ಚಾಪೆ ಹಾಸಬೇಕು? ನೋಡದೆ, ಗುಡಿಸಿ ಶುದ್ಧಗೊಳಿಸದೆ ಹಾಸಿಗೆ ಹಾಸುವುದನ್ನು ತತ್ತ್ವಾರ್ಥಸೂತ್ರವು ಪ್ರೋಷಧೋಪವಾಸದ ಅತಿಚಾರಗಳಲ್ಲೊಂದಾಗಿ ಎಣಿಸಿದೆ. ಇಲ್ಲಿಯಾದರೋ ಗುಡಿಸುವುದಕ್ಕೆ ನೆಲವೇ ಕಾಣದು. ಮನೆಯಲ್ಲಿ ಆಸನಗಳು ಐದಾರಿವೆ, ವ್ರತಕ್ಕೆ ಆಸನವಿಲ್ಲ.

ಇಂತಹ ಸಂದರ್ಭದಲ್ಲಿ ಮನೆಯ ಯಜಮಾನನಿಗೆ ಹೊಳೆಯುವ ಮೊದಲ ಉಪಾಯವೆಂದರೆ ಹೊಸದೊಂದನ್ನು ಕೊಳ್ಳುವುದು. ದಿವಾನಿಗೆ ಬದಲು ಒಳಗೆ ಪೆಟ್ಟಿಗೆಯಿರುವ ದಿವಾನ್, ಮೇಜಿಗೆ ಬದಲು ಗೋಡೆಯುದ್ದಕ್ಕೂ ಪ್ಲೈವುಡ್ಡಿನ ಕಪಾಟು. ಸಾಮಾನೆಲ್ಲ ಒಳಗೆ ಹೋಗಿ ಪಡಸಾಲೆ ಚೊಕ್ಕಟವಾಗುತ್ತದೆ. ಬಂದವರು ಹೊಗಳುತ್ತಾರೆ. ಆದರೆ ವಸ್ತುಗಳ ಸಂಖ್ಯೆ ಒಂದಾದರೂ ಕಡಿಮೆಯಾಯಿತೇ ಎಂದು ಕೇಳಿದರೆ, ಇಲ್ಲ. ಪೆಟ್ಟಿಗೆಯೊಳಗೆ ಇನ್ನೂ ಎಡೆಯಿದೆಯೆಂಬ ಧೈರ್ಯದಿಂದ ಕೆಲವು ತಿಂಗಳೊಳಗೆ ಮತ್ತಷ್ಟು ಬಂದು ಸೇರುತ್ತವೆ. ಎಡೆಯಿದ್ದಷ್ಟೂ ವಸ್ತು ಬರುವುದು, ವಸ್ತು ಬಂದಷ್ಟೂ ಎಡೆ ಬೇಕಾಗುವುದು, ಇದು ಇಚ್ಛೆಯ ಸ್ವಭಾವ.

ಈ ಜಾಣತನವು ಪೂರ್ವಾಚಾರ್ಯರಿಗೆ ಅಪರಿಚಿತವೇನೂ ಆಗಿರಲಿಲ್ಲ. 12ನೆಯ ಶತಮಾನದ ಶ್ವೇತಾಂಬರಾಚಾರ್ಯ ಹೇಮಚಂದ್ರರು ತಮ್ಮ ಯೋಗಶಾಸ್ತ್ರದಲ್ಲಿ ಈ ವ್ರತದ ಅತಿಚಾರಗಳನ್ನು ವಿವರಿಸುವಾಗ, ವ್ರತಿಯು ಸಂಖ್ಯೆಯನ್ನು ಉಳಿಸಿಕೊಂಡೇ ವ್ರತವನ್ನು ಮೀರುವ ಬಗೆಗಳನ್ನು ಎತ್ತಿ ತೋರಿಸಿದ್ದಾರೆ. ಒಂದೇ ಮನೆಯೆಂದು ಮಿತಿ ಹಾಕಿಕೊಂಡವನು ಪಕ್ಕದ ಮನೆಯನ್ನೂ ಪಡೆದು ನಡುವಣ ಗೋಡೆಯನ್ನು ಕೆಡವಿ ಎರಡನ್ನೂ ಒಂದೆಂದು ಹೇಳಿಕೊಳ್ಳುವುದು ಒಂದು ಬಗೆ. ಇಷ್ಟೇ ಪಾತ್ರೆಗಳೆಂದು ನಿಯಮಿಸಿಕೊಂಡವನು ಹೆಚ್ಚಾದುವನ್ನು ಕೂಡಿಸಿ ದೊಡ್ಡವನ್ನು ಮಾಡಿಸಿ ಲೆಕ್ಕವನ್ನು ಸರಿದೂಗಿಸುವುದು ಇನ್ನೊಂದು ಬಗೆ. ಮಾತಿಗೆ ವ್ರತ ಉಳಿದಿದೆ, ಭಾವಕ್ಕೆ ಅಳಿದಿದೆ. ಒಳಗೆ ಹತ್ತು ಮೂಟೆ ತುಂಬಿಕೊಂಡ ದಿವಾನನ್ನು ‘ಒಂದು ದಿವಾನ್’ ಎಂದು ಎಣಿಸುವುದಕ್ಕೂ ಇದಕ್ಕೂ ಅಂತರವೆಷ್ಟು ಎಂಬುದನ್ನು ವಿಚಾರವಂತರು ಯೋಚಿಸಬೇಕು.

ಮುಚ್ಚಿಟ್ಟ ಸಂಗ್ರಹದ ದೋಷವು ಇಷ್ಟಕ್ಕೇ ನಿಲ್ಲದೆ ಅಹಿಂಸಾವ್ರತವನ್ನೂ ತಟ್ಟುತ್ತದೆ. ಕರ್ಮಾಸ್ರವಕ್ಕೆ ಕಾರಣವಾಗುವ ಅಜೀವಾಧಿಕರಣದ ಭೇದಗಳಲ್ಲಿ ನಿಕ್ಷೇಪವೂ ಒಂದು. ನಿಕ್ಷೇಪವೆಂದರೆ ಇಡುವಿಕೆ. ಕೇವಲ ಒಂದು ವಸ್ತುವನ್ನು ಕೆಳಗಿಡುವ ಕ್ರಿಯೆಯಲ್ಲಿ ನಾಲ್ಕು ಬಗೆಯ ಅಜಾಗರೂಕತೆಗಳನ್ನು ಸರ್ವಾರ್ಥಸಿದ್ಧಿಯು ವಿಂಗಡಿಸಿದೆ. ನೋಡದೆ ಇಡುವುದು ಅಪ್ರತ್ಯವೇಕ್ಷಿತ, ಸರಿಯಾಗಿ ಗುಡಿಸದೆ ಇಡುವುದು ದುಷ್ಪ್ರಮೃಷ್ಟ, ಅವಸರದಲ್ಲಿ ಇಡುವುದು ಸಹಸಾ, ಗಮನವಿಲ್ಲದೆ ತೋಚಿದಲ್ಲಿ ಇಡುವುದು ಅನಾಭೋಗ. ಮುನಿಗಳಿಗೆ ಆದಾನ ನಿಕ್ಷೇಪಣ ಸಮಿತಿಯನ್ನು ವಿಧಿಸಿರುವುದೂ ಇದೇ ಕಾರಣದಿಂದ. ಅವರ ಬಳಿ ಇರುವುದು ಪಿಂಛಿ, ಕಮಂಡಲು, ಶಾಸ್ತ್ರ, ಇವು ಮೂರೇ. ಆ ಮೂರನ್ನು ಎತ್ತುವಾಗಲೂ ಇಡುವಾಗಲೂ ನೋಡಬೇಕು, ಮೃದುವಾಗಿ ಒರಸಬೇಕು. ನೂರಾರು ವಸ್ತುಗಳನ್ನು ಇಟ್ಟುಕೊಂಡ ಗೃಹಸ್ಥನಾದರೋ ಅಟ್ಟದ ಮೇಲಕ್ಕೆ ಮೂಟೆಯನ್ನು ಎಸೆದು ಬಾಗಿಲು ಮುಚ್ಚಿದನೆಂದರೆ, ಆ ಒಂದು ಎಸೆತದಲ್ಲಿಯೇ ನಾಲ್ಕು ದೋಷಗಳೂ ಕೂಡಿಬಂದಂತೆ ಆಗುತ್ತದೆ.

ಅದರ ಪರಿಣಾಮವು ಕಣ್ಣಿಗೆ ಕಾಣುವಂತಹುದು. ಪೊರಕೆ ತಾಗದ, ಬೆಳಕು ಬೀಳದ, ಗಾಳಿಯಾಡದ ಎಡೆಗಳಲ್ಲಿ ಜಿರಳೆ, ಇರುವೆ, ಪುಸ್ತಕದ ಹುಳುಗಳು ಸೇರುತ್ತವೆ. ಮಲೆನಾಡು ಕರಾವಳಿಗಳ ಮಳೆಗಾಲದಲ್ಲಿ ಗೋಡೆಗೆ ತಾಗಿಸಿದ ಮರದ ಕಪಾಟಿನ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ. ಬಯಲುಸೀಮೆಯಲ್ಲಿ ಹಳೆಯ ಕಾಗದದ ಕಟ್ಟುಗಳಿಗೆ ಗೆದ್ದಲು ಹತ್ತುತ್ತದೆ. ಆಮೇಲೆ ಮನೆಯವರು ಅಂಗಡಿಯಿಂದ ವಿಷದ ಡಬ್ಬಿಯನ್ನು ತಂದು ಸಿಂಪಡಿಸುತ್ತಾರೆ. ರಾತ್ರಿಭೋಜನವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ಮನೆಯಲ್ಲಿಯೇ ಅಸಂಖ್ಯಾತ ತ್ರಸಜೀವಿಗಳ ಘಾತವು ನಡೆದುಹೋಗುತ್ತದೆ. ಆ ಹಿಂಸೆಯ ಮೂಲವನ್ನು ಹುಡುಕಿದರೆ ಅದು ವಿಷದ ಡಬ್ಬಿಯಲ್ಲಿ ಸಿಗದು. ಎಂದಿಗಾದರೂ ಬೇಕಾದೀತು ಎಂದು ಮುಚ್ಚಿಟ್ಟ, ಎಂದಿಗೂ ಬೇಕಾಗದ ವಸ್ತುವಿನಲ್ಲಿ ಸಿಗುತ್ತದೆ.

ಇಲ್ಲಿ ತಿಳಿದವರು ಒಂದು ಆಕ್ಷೇಪವನ್ನು ಎತ್ತಬಹುದು. ಪರಿಗ್ರಹವೆಂದರೆ ಮೂರ್ಛೆ ಎಂದು, ಎಂದರೆ ಮಮತ್ವಭಾವವೆಂದು, ಉಮಾಸ್ವಾಮಿಗಳೇ ಲಕ್ಷಣವನ್ನು ಹೇಳಿರುವಾಗ ಸೋಫಾ ಕುರ್ಚಿಗಳ ಲೆಕ್ಕದಿಂದ ಆಗುವುದೇನು? ಏನೂ ಇಲ್ಲದವನಲ್ಲಿಯೂ ಮೂರ್ಛೆ ಇರಬಹುದು, ಎಲ್ಲ ಇದ್ದವನಲ್ಲಿಯೂ ಇಲ್ಲದಿರಬಹುದು. 16ನೆಯ ಶತಮಾನದಲ್ಲಿ ರತ್ನಾಕರವರ್ಣಿಯು ಭರತೇಶ ವೈಭವದಲ್ಲಿ ಚಿತ್ರಿಸಿದ ಭರತ ಚಕ್ರವರ್ತಿಯು ಅರಮನೆಯಲ್ಲಿದ್ದೇ ಆತ್ಮಧ್ಯಾನಿಯಾಗಿದ್ದನಲ್ಲವೇ?

ಆಕ್ಷೇಪವು ನಿರಾಧಾರವಲ್ಲ. ಬಡತನವೇ ಅಪರಿಗ್ರಹವಲ್ಲವೆಂಬುದೂ, ಬರಿದಾದ ಕೋಣೆಯೇ ಬಯಕೆಯಿಲ್ಲದ ಮನಸ್ಸಲ್ಲವೆಂಬುದೂ ಸತ್ಯ. ಇತ್ತೀಚೆಗೆ ಮನೆಯನ್ನು ಬರಿದಾಗಿ ಇರಿಸಿಕೊಳ್ಳುವುದೇ ಒಂದು ಅಲಂಕಾರವಾಗಿದ್ದು, ಇರುವುದನ್ನೆಲ್ಲ ಹೊರಹಾಕಿ ಬೆಲೆಬಾಳುವ ಒಂದೆರಡನ್ನು ತಂದಿಟ್ಟು ಮೆರೆಯುವವರೂ ಇದ್ದಾರೆ. ಅಲ್ಲಿ ವಸ್ತು ಕಡಿಮೆಯಾದರೂ ಮಾನಕಷಾಯವು ಹೆಚ್ಚಿತು. ಆದರೆ ಮೂರ್ಛೆಯು ಒಳಗಿನದೆಂಬ ಮಾತನ್ನು ಹಿಡಿದು ಹೊರಗಿನದನ್ನು ಕಡೆಗಣಿಸುವುದಕ್ಕೆ ಆಚಾರ್ಯರ ಸಮ್ಮತಿಯಿಲ್ಲ. ಹಾಗಿದ್ದಿದ್ದರೆ ಪರಿಮಾಣವೆಂಬ ವ್ರತವನ್ನೇ ಅವರು ವಿಧಿಸುತ್ತಿರಲಿಲ್ಲ. ತನ್ನಲ್ಲಿ ಮೂರ್ಛೆಯಿಲ್ಲವೆಂದು ಹೇಳಿಕೊಳ್ಳುವವನು ಅದನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ಸಂದರ್ಭಗಳಿವೆ. ನೆರೆಮನೆಯವರು ಮದುವೆಗೆಂದು ಕುರ್ಚಿಗಳನ್ನು ಕೇಳಿದಾಗ ಮನಸ್ಸು ಏನೆನ್ನುತ್ತದೆ? ಮೊಮ್ಮಗುವಿನ ಕೈಜಾರಿ ಶೋಕೇಸಿನ ಗಾಜು ಒಡೆದಾಗ ಮೊದಲು ಏಳುವುದು ಮಗುವಿನ ಕೈಗೆ ಗಾಯವಾಯಿತೇ ಎಂಬ ಮಾತೋ, ಗಾಜಿನ ಬೆಲೆಯ ಮಾತೋ? ಬೇರೆಯವರ ಪಡಸಾಲೆಯನ್ನು ಕಂಡು ಬಂದ ದಿನ ತನ್ನ ಮನೆ ಹಿಂದಿನಂತೆಯೇ ಕಾಣುತ್ತದೆಯೋ, ಕೊರತೆಯುಳ್ಳದ್ದಾಗಿ ಕಾಣುತ್ತದೆಯೋ? ಪರರ ವೈಭವವನ್ನು ಕಂಡು ಬೆರಗಾಗುವ ವಿಸ್ಮಯವನ್ನು ರತ್ನಕರಂಡವು ಅತಿಸಂಗ್ರಹದ ಜೊತೆಯಲ್ಲಿಯೇ ಅತಿಚಾರವೆಂದು ಹೇಳಿರುವುದು ಗಮನಾರ್ಹ. ಈ ಪರೀಕ್ಷೆಗಳಲ್ಲಿ ಉತ್ತೀರ್ಣನಾದವನು ಭರತೇಶನ ಹೆಸರನ್ನು ಹೇಳಬಹುದು. ಉಳಿದವರಿಗೆ ಎಣಿಕೆಯೇ ಊರುಗೋಲು.

ಇನ್ನೊಂದು ದೋಷವು ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬರುತ್ತದೆ, ಮತ್ತು ಅದು ಹೆಚ್ಚು ನೋವನ್ನು ತರುವಂತಹುದು. ಮೇಲೆ ಹೇಳಿದ ಮನೆಯ ಯಜಮಾನನು ಒಂದು ದಿನ ವ್ರತದ ಉತ್ಸಾಹದಲ್ಲಿ ಸಾಮಾನು ಕಡಿಮೆ ಮಾಡಲು ಹೊರಟನೆಂದು ಭಾವಿಸೋಣ. ಅವನ ಕಣ್ಣಿಗೆ ಮೊದಲು ಬೀಳುವುದು ತಾಯಿಯ ಟ್ರಂಕು. ಬಣ್ಣ ಹೋಗಿದೆ, ಮೂಲೆ ಜಜ್ಜಿದೆ, ಸೋಫಾದ ಪಕ್ಕದಲ್ಲಿ ಅಂದಗೆಡಿಸುತ್ತಿದೆ. ಒಳಗಿರುವುದು ತಂದೆಯವರ ಒಂದು ಜೊತೆ ಪಂಚೆ, ಮದುವೆಯ ಸೀರೆ, ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದೆರಡು ಗ್ರಂಥಗಳು. “ಈ ಮಮತೆ ಏಕಮ್ಮ? ಇದೂ ಪರಿಗ್ರಹವೇ ಅಲ್ಲವೆ?” ಎಂದು ಅವನು ಕೇಳುತ್ತಾನೆ. ಶಾಸ್ತ್ರದ ಮಾತೇ, ಆದುದರಿಂದ ತಾಯಿ ಉತ್ತರ ಹೇಳಲಾರಳು. ಟ್ರಂಕು ಗುಜರಿಗೆ ಹೋಗುತ್ತದೆ.

ಇಲ್ಲಿ ತ್ಯಾಗ ಮಾಡಿದವರು ಯಾರು? ಮಗನು ತನ್ನದಲ್ಲದುದನ್ನು ಬಿಟ್ಟನು, ತನ್ನದನ್ನು ಉಳಿಸಿಕೊಂಡನು. ಲೆಕ್ಕವನ್ನೇ ನೋಡುವುದಾದರೂ ಆ ಟ್ರಂಕು ಹಿಡಿದಿದ್ದುದು 3.75 ಚದರಡಿ, ಆ ಪಡಸಾಲೆಯ ವಸ್ತುಗಳಲ್ಲೆಲ್ಲ ಅತ್ಯಂತ ಕಡಿಮೆ. ಟೀಪಾಯಿಯೇ ಅದಕ್ಕಿಂತ ಹೆಚ್ಚು ಹಿಡಿದಿತ್ತು. ಸೋಫಾ ಸುಮಾರು ಐದು ಪಾಲು ಹಿಡಿದಿತ್ತು. ಟ್ರಂಕನ್ನು ತೆಗೆದುದರಿಂದ ಚಾಪೆ ಹಾಸುವಷ್ಟು ಸ್ಥಳವೂ ಸಿಗಲಿಲ್ಲ. ವ್ರತವೆಂಬುದು ಸ್ವೀಕರಿಸಿದವನಿಗೆ ಸಂಬಂಧಪಟ್ಟದ್ದು. ಒಬ್ಬನ ಉಪವಾಸವನ್ನು ಇನ್ನೊಬ್ಬನ ಹೊಟ್ಟೆಯಿಂದ ಮಾಡಿಸಲಾಗದು. ಹಾಗೆಯೇ ಒಬ್ಬನ ಪರಿಗ್ರಹ ಪರಿಮಾಣವನ್ನು ಇನ್ನೊಬ್ಬರ ಪೆಟ್ಟಿಗೆಯಿಂದ ಮಾಡಲಾಗದು. ತಾಯಿಗೆ ಆ ಪಂಚೆಯಲ್ಲಿ ಮೂರ್ಛೆಯಿರಬಹುದು. ಅದನ್ನು ವಿಚಾರಿಸಿಕೊಳ್ಳಬೇಕಾದವಳು ಅವಳು, ತನ್ನ ಕಾಲದಲ್ಲಿ, ತನ್ನ ಮನಸ್ಸಿನಿಂದ. ಮಗನ ಪಾಲಿಗೆ ಆ ಟ್ರಂಕಿನ ವಿಷಯದಲ್ಲಿ ಇರುವ ಕರ್ತವ್ಯವು ಸತ್ಯಾಹಿಂಸೆಗಳದು: ನೋಯಿಸದಿರುವುದು, ಮತ್ತು ಶಾಸ್ತ್ರವಾಕ್ಯವನ್ನು ತನ್ನ ಅನುಕೂಲಕ್ಕಾಗಿ ಬಳಸದಿರುವುದು.

ಕೂಡಿಟ್ಟುದೆಲ್ಲವೂ ದೋಷವೆಂದು ಹೇಳಲು ಬರುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಡವೋಲೆಗಳನ್ನು ಶತಮಾನಗಳ ಕಾಲ ಜೋಪಾನವಾಗಿ ಇರಿಸದೆ ಹೋಗಿದ್ದರೆ, 1939ರಿಂದ ಮುಂದೆ ಧವಲ ಸಹಿತವಾದ ಷಟ್ಖಂಡಾಗಮವು ಅಚ್ಚಾಗಿ ಲೋಕಕ್ಕೆ ದೊರೆಯುತ್ತಿರಲಿಲ್ಲ. ಆದರೆ ಶ್ರುತವನ್ನು ಇಡುವ ಕ್ರಮವೇ ಬೇರೆ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳೊರಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ಪದ್ಧತಿಯುಂಟು. ಇಟ್ಟುದನ್ನು ವರ್ಷಕ್ಕೊಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡುವುದು, ಅದು ಏತಕ್ಕಾಗಿ ಇದೆಯೆಂದು ನೆನೆಯುವುದು, ಇದು ಜೋಪಾನ. ಇಟ್ಟು ಮರೆಯುವುದು ಸಂಗ್ರಹ. ಪಡಸಾಲೆಯ ಪ್ರತಿಯೊಂದು ಕಪಾಟಿಗೂ ಈ ಒರೆಗಲ್ಲನ್ನು ಹಚ್ಚಬಹುದು.

ಹಾಗಾದರೆ ಕಿರಿದಾದ ಪಡಸಾಲೆಯನ್ನು ವ್ರತಿಯು ಹೇಗೆ ಜೋಡಿಸಬೇಕು? ರೂಢಿಯಲ್ಲಿ ವಸ್ತುಗಳನ್ನು ಮೊದಲು ಇಟ್ಟು, ಉಳಿದ ಎಡೆಯಲ್ಲಿ ಮನುಷ್ಯರು ಇರುತ್ತಾರೆ. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಅರ್ಧ ಕೆಲಸ ಆದಂತೆ. ಒಂದು ಕಾಗದದಲ್ಲಿ ಅಡಿಗೆ ಅರ್ಧ ಅಂಗುಲದಂತೆ ಪಡಸಾಲೆಯ ನಕ್ಷೆಯನ್ನು ಬರೆದುಕೊಳ್ಳಬೇಕು. ಅದರಲ್ಲಿ ಮೊದಲು ಬಾಗಿಲು, ಕಿಟಕಿ, ನಡೆದಾಡುವ ದಾರಿಗಳನ್ನು ಗುರುತಿಸಬೇಕು. ಅನಂತರ ಆರಡಿ ಉದ್ದ ಮೂರಡಿ ಅಗಲದ ಒಂದು ಚಾಪೆಯ ಸ್ಥಳವನ್ನು, ಸಾಧ್ಯವಾದರೆ ಕಿಟಕಿಯ ಬೆಳಕು ಬೀಳುವಲ್ಲಿ, ಖಾಲಿಯಾಗಿ ಬಿಡಬೇಕು. ಇದು ಸಾಮಾಯಿಕಕ್ಕೆ, ಪ್ರೋಷಧಕ್ಕೆ, ಮಗು ನೆಲದಲ್ಲಿ ಕುಳಿತು ಬರೆಯುವುದಕ್ಕೆ, ನೆಂಟರು ಬಂದ ರಾತ್ರಿ ಹಾಸಿಗೆಗೆ. ಮೂರನೆಯದಾಗಿ ಮನೆಯ ಅತ್ಯಂತ ವೃದ್ಧರ ಮತ್ತು ರೋಗಿಗಳ ಅನುಕೂಲ. ಮಂಡಿನೋವಿನವರಿಗೆ ಎತ್ತರದ ಕುರ್ಚಿಯು ಭೋಗವಲ್ಲ, ಉಪಕರಣ. ಇಷ್ಟಾದ ಮೇಲೆ ಉಳಿದ ಎಡೆಯಲ್ಲಿ ಹಿಡಿಸುವಷ್ಟೇ ವಸ್ತು.

ಉದಾಹರಣೆಯ ಮನೆಯಲ್ಲಿ ಎರಡು ಮೆತ್ತೆಯ ಕುರ್ಚಿಗಳನ್ನೂ ಟೀಪಾಯಿಯನ್ನೂ ಬಿಟ್ಟರೆ 17 ಚದರಡಿ ಬಿಡುವಾಗುತ್ತದೆ. ಬಂದವರಿಗೆ ಮಡಿಸುವ ಎರಡು ಕುರ್ಚಿಗಳನ್ನು ಬಾಗಿಲ ಹಿಂದೆ ಒರಗಿಸಿಟ್ಟರೆ ಸಾಕು, ಜಮಖಾನೆಯಂತೂ ಇದ್ದೇ ಇದೆ. ಸೋಫಾ ಮತ್ತು ದಿವಾನ್ ಇವೆರಡರಲ್ಲಿ ಒಂದನ್ನೇ ಇರಿಸಿಕೊಳ್ಳುವುದಾದರೆ ಇನ್ನೂ 18 ಚದರಡಿ. ದಿವಾನ್ ಹಗಲು ಆಸನವಾಗಿ ರಾತ್ರಿ ತಾಯಿಗೆ ಮಂಚವಾಗುವುದರಿಂದ ಉಳಿಯಬೇಕಾದುದು ಅದೇ. ತಾಯಿಯ ಟ್ರಂಕಿನ ಮೇಲೆ ತೆಳುವಾದ ಮೆತ್ತೆ ಹಾಸಿ ಕಿಟಕಿಯ ಕೆಳಗೆ ಇಟ್ಟರೆ ಅದೂ ಒಂದು ಪೀಠವೇ ಆಗುತ್ತದೆ.

ಸಂಗ್ರಹದ ವಿಷಯದಲ್ಲಿಯೂ ಕೆಲವು ಸಂಗತಿಗಳು ಅನುಭವಸಿದ್ಧವಾದವು. ದಿನವೂ ಬೇಕಾಗುವುದು ಸೊಂಟದಿಂದ ಭುಜದ ಎತ್ತರದೊಳಗೆ, ಭಾರವಾದುದು ಕೆಳಗೆ, ಹಗುರವಾಗಿ ಅಪರೂಪಕ್ಕೆ ಬೇಕಾಗುವುದು ಮೇಲೆ ಇರಬೇಕು. ಭಾರವನ್ನು ಬೀರುವಿನ ತಲೆಯ ಮೇಲೆ ಹೇರುವುದು ಮಕ್ಕಳಿರುವ ಮನೆಯಲ್ಲಿ ಅಪಾಯಕಾರಿ. ಕಪಾಟು ಮಂಚಗಳ ಕಾಲುಗಳು ನೆಲದಿಂದ ಆರಂಗುಲವಾದರೂ ಎತ್ತರವಿದ್ದು ಪೊರಕೆ ಒಳಹೋಗಬೇಕು. ಗೋಡೆಗೂ ಮರಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಅಂತರವಿದ್ದು ಗಾಳಿಯಾಡಬೇಕು. ಪುಸ್ತಕಗಳ ನಡುವೆ ಒಣಗಿದ ಬೇವಿನೆಲೆಯನ್ನಿಡುವ ಹಿರಿಯರ ಪದ್ಧತಿಯು ವಿಷಪ್ರಯೋಗಕ್ಕಿಂತ ಎಷ್ಟೋ ಮೇಲು. ಮುಚ್ಚಿದ ಪೆಟ್ಟಿಗೆಯೊಂದು ಅನಿವಾರ್ಯವಾದರೆ, ಅದರೊಳಗೆ ಏನಿದೆಯೆಂಬ ಪಟ್ಟಿಯನ್ನು ಬರೆದು ಮುಚ್ಚಳದ ಒಳಬದಿಗೆ ಅಂಟಿಸಬೇಕು. ಪಟ್ಟಿ ಬರೆಯುವ ಕೈಗೆ ಅರ್ಧ ಪದಾರ್ಥಗಳು ಅನವಶ್ಯಕವೆಂದು ತಾನಾಗಿಯೇ ತಿಳಿಯುತ್ತದೆ.

ಇದೆಲ್ಲವನ್ನೂ ಆಜೀವ ಪರ್ಯಂತ ಹಿಡಿಯುವುದು ಕಷ್ಟವೆಂದು ತೋರಿದವರಿಗೆ ಶಾಸ್ತ್ರವು ಸುಲಭವಾದ ದಾರಿಯನ್ನೂ ತೋರಿಸಿದೆ. ಭೋಗೋಪಭೋಗ ಪರಿಮಾಣದಲ್ಲಿ ಜೀವನಪರ್ಯಂತದ ತ್ಯಾಗವು ಯಮ, ಕಾಲಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ, ಹೀಗೆ ನಿಯಮದ ಕಾಲವನ್ನು ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ನಿಯಮಕ್ಕೆ ಒಳಪಡುವ ವಸ್ತುಗಳಲ್ಲಿ ಶಯನವನ್ನೂ ಹೆಸರಿಸಿದ್ದಾರೆ. ಒಂದು ಪಕ್ಷದ ಮಟ್ಟಿಗೆ ಸೋಫಾದ ಮೇಲೆ ಕೂರದೆ ಚಾಪೆಯನ್ನೇ ಬಳಸುವ ನಿಯಮವನ್ನು ಮನೆಯವರೆಲ್ಲ ಒಪ್ಪಿ ಹಿಡಿಯಬಹುದು. ಪಕ್ಷದ ಕೊನೆಗೆ ಅದರ ಅಗತ್ಯವೆಷ್ಟೆಂಬುದು ಯಾರ ಉಪದೇಶವೂ ಇಲ್ಲದೆ ಗೊತ್ತಾಗುತ್ತದೆ. ಒಂದು ಅಯನದವರೆಗೆ ಪಡಸಾಲೆಗೆ ಹೊಸ ವಸ್ತುವೊಂದನ್ನೂ ತರುವುದಿಲ್ಲವೆಂಬುದು ಇನ್ನೊಂದು ನಿಯಮ. ಆರು ತಿಂಗಳು ತೆರೆಯದೆ ಉಳಿದ ಪೆಟ್ಟಿಗೆಯು ತನ್ನ ವಿಷಯವನ್ನು ತಾನೇ ಹೇಳಿಕೊಳ್ಳುತ್ತದೆ.

ಬಿಡುವ ವಸ್ತುವನ್ನು ಎಲ್ಲಿ ಬಿಡಬೇಕೆಂಬುದೂ ಧರ್ಮದ ವಿಷಯವೇ. ಬೀದಿಯ ಮೂಲೆಯಲ್ಲಿ ಎಸೆದು ಬರುವುದು ತ್ಯಾಗವಲ್ಲ, ಭಾರವನ್ನು ಊರಿನ ಮೇಲೆ ಹೇರುವುದು. ಮುರಿದುದನ್ನು ಬಡವನಿಗೆ ಕೊಟ್ಟು ದಾನವೆನ್ನುವುದೂ ಸಲ್ಲದು. ಗಟ್ಟಿಯಾಗಿರುವಾಗಲೇ, ಬೇಕೆನ್ನುವವರಿಗೆ, ಬೇಕಾದ ಕಾಲದಲ್ಲಿ ಕೊಡಬೇಕು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉತ್ತಮ ತ್ಯಾಗವು ಎಂಟನೆಯ ದಿನವೂ ಉತ್ತಮ ಆಕಿಂಚನ್ಯವು ಒಂಬತ್ತನೆಯ ದಿನವೂ ಬರುತ್ತವೆ. ಈ ಕ್ರಮದಲ್ಲಿ ಗೃಹಸ್ಥನು ಕಲಿಯಬೇಕಾದುದಿದೆ. ಮೊದಲು ಕೈಯಿಂದ ಬಿಡಬೇಕು. ‘ನನ್ನದೆಂಬುದು ಏನೂ ಇಲ್ಲ’ ಎಂಬ ಭಾವವು ಆಮೇಲೆ ನೆಲೆಗೊಳ್ಳುತ್ತದೆ. ಭಾವ ಬಂದ ಮೇಲೆ ಬಿಡುತ್ತೇನೆಂದು ಕಾಯುವವನ ಅಟ್ಟವು ತುಂಬುತ್ತಲೇ ಇರುತ್ತದೆ.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೀಗೆ ಹೇಳಬಹುದು. ಇರುವುದನ್ನು ಕಣ್ಣಿಗೂ ಪೊರಕೆಗೂ ಬೇಕೆಂದವರ ಕೈಗೂ ಎಟಕುವಂತೆ ಇಡುವ ಜೋಡಣೆಯು ಸಂಯಮಕ್ಕೆ ಸಹಕಾರಿ. ಇರುವುದನ್ನು ತನ್ನಿಂದಲೇ ಮರೆಮಾಡಿ ಇನ್ನಷ್ಟಕ್ಕೆ ಎಡೆಮಾಡುವ ಜೋಡಣೆಯು, ಎಷ್ಟೇ ಅಂದವಾಗಿದ್ದರೂ, ವ್ರತಕ್ಕೆ ಬಾಧಕ. ದೊಡ್ಡ ಮನೆಯವನು ತನ್ನ ಇಚ್ಛೆಗೆ ತಾನೇ ಗೋಡೆಯನ್ನು ಕಟ್ಟಿಕೊಳ್ಳಬೇಕು. ಕಿರಿದಾದ ಮನೆಯವನಿಗೆ ಗೋಡೆಗಳೇ ಆ ಕೆಲಸವನ್ನು ಅರ್ಧ ಮಾಡಿಕೊಟ್ಟಿವೆ. ಆ ಗೋಡೆಗಳನ್ನು ಬೈದುಕೊಂಡು ಬಾಳುವುದೋ, ಪರಿಮಾಣವೆಂದು ಒಪ್ಪಿಕೊಳ್ಳುವುದೋ ಅವನಿಗೆ ಬಿಟ್ಟದ್ದು. ಮುಂದಿನ ಅಷ್ಟಮಿ ಬರುವುದರೊಳಗೆ ಶ್ರಾವಕ ಶ್ರಾವಿಕೆಯರು ತಮ್ಮ ಪಡಸಾಲೆಯಲ್ಲಿ ಒಂದು ಚಾಪೆಯನ್ನು ಹಾಸಿ ನೋಡುವುದು ಒಳ್ಳೆಯದು. ಅದು ಮಡಿಸದೆ, ಮುದುರದೆ, ಪೂರ್ತಿಯಾಗಿ ಹಾಸಿದರೆ ಸರಿ. ಹಾಸದಿದ್ದರೆ ಯಾವುದನ್ನು ತೆಗೆಯಬೇಕೆಂದು ಯೋಚಿಸಲಿ. ಆ ಯೋಚನೆಯು ಮನೆಯ ಹಿರಿಯರ ಪೆಟ್ಟಿಗೆಯಿಂದಲ್ಲದೆ ತಮ್ಮದೇ ಆದ ವಸ್ತುವಿನಿಂದ ಆರಂಭವಾಗಲಿ.